ತಿಂಗಳಹೊಲ

ಪಾವಗಡದ ಗಡಿಸೀಮೆಯ ಕಂಚರಗುಂಟೆಯಲ್ಲಿ, ಕೆರೆಯ ಕೆಳಗಿನ ನಾಲ್ಕು ಎಕರೆ ಎರೆಭೂಮಿಗೆ ತಿಂಗಳಹೊಲ ಎಂದು ಹೆಸರು. ಅಲ್ಲಿ ಬೆಳದಿಂಗಳು ಸೊಗಸಾಗಿ ಬೀಳುತ್ತದೆ, ಅದಕ್ಕೇ ಆ ಹೆಸರು ಎಂದು ಹೊಸಬರು ಊಹಿಸುವುದುಂಟು. ಊರ ಹಿರಿಯರು ಅದನ್ನು ಒಪ್ಪುವುದಿಲ್ಲ. ಆ ಹೆಸರು ಓಬುಲಮ್ಮನಿಂದ ಬಂದದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಡುವಣ ಸೀಮೆಯಿಂದ ಬಂದು ಇಲ್ಲಿ ನೆಲೆನಿಂತ ತಿಪ್ಪೇಗೌಡ ಕೆರೆ ಕಟ್ಟಿಸಲು ಹೊರಟ. ಮೂಡಣ ದಿಕ್ಕಿನಿಂದ ತೆಲುಗು ಮಾತಿನ ಮಣ್ಣುಕೆಲಸದವರು ನಲವತ್ತು ಮಂದಿ ಬಂದಿಳಿದರು. ಅವರ ಯಜಮಾನಿ ಓಬುಲಮ್ಮ. ಗಂಡ ಸತ್ತ ಮೇಲೆ ತಂಡವನ್ನು ತಾನೇ ನಡೆಸಿಕೊಂಡು ಬಂದವಳು. ಅವಳಿಗೆ ಬಲಗೈಯಾಗಿದ್ದವನು ತಮ್ಮ ನರಸಿಂಹುಲು. ಗೌಡನಿಗೆ ತೆಲುಗು ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಕೈಸನ್ನೆಯಲ್ಲೇ ಕಟ್ಟೆ ಎದ್ದು ನಿಂತಿತು. ಮಳೆಗಾಲಕ್ಕೆ ಎರಡು ತಿಂಗಳಿರುವಾಗ ತೂಬಿನ ಬಳಿ ಬುಡ ಸಡಿಲವಾಗಿರುವುದು ಓಬುಲಮ್ಮನ ಕಣ್ಣಿಗೆ ಬಿತ್ತು. ಅದನ್ನು ಅಗೆದು, ಜೇಡಿಮಣ್ಣು ತುಂಬಿ ಗಟ್ಟಿಮಾಡಲು ಒಂದು ತಿಂಗಳು ಬೇಕಿತ್ತು. ಅವಳು ನೆಟ್ಟಗೆ ಗೌಡನ ಚಾವಡಿಗೆ ಹೋಗಿ ಕೈಮುಗಿದು, "ಕಟ್ಟ ನಿಲವದು ಗೌಡಗಾರೂ, ಒಕ ನೆಲ ಇವ್ವಂಡಿ" ಎಂದಳು. ಗೌಡನ ಕಿವಿಗೆ ಬಿದ್ದದ್ದೇ ಬೇರೆ: ನೆಲ ಕೊಡದಿದ್ದರೆ ಕಟ್ಟೆ ನಿಲ್ಲದು ಎಂದು ಇವಳು ಬೆದರಿಸುತ್ತಿದ್ದಾಳೆ!

"ಕೂಲಿಗೆ ಬಂದೋಳು ನನ್ನ ನೆಲಕ್ಕೇ ಕೈ ಹಾಕ್ತೀಯಾ? ಅಂಗೈ ಅಗಲ ನೆಲಾನೂ ಇಲ್ಲ, ಇವತ್ತೇ ಜಾಗ ಖಾಲಿ ಮಾಡು" ಎಂದು ಅವನು ಊರಾಚೆಯ ದಾರಿಗೆ ಕೈ ತೋರಿಸಿ ಗುಡುಗಿದ. ಒಂದು ತಿಂಗಳಿಗೆ ಇಷ್ಟು ಸಿಟ್ಟೇಕೆಂದು ಓಬುಲಮ್ಮನಿಗೆ ತಿಳಿಯಲಿಲ್ಲ. ತಂಡ ಹೊರಟಿತು. ಆದರೆ ಕಟ್ಟೆಯ ಕೆಳಗಿದ್ದ ಊರವರ ಹನ್ನೆರಡು ಗುಡಿಸಲು ಅವಳ ಮನಸ್ಸಿನಿಂದ ಅಳಿಯಲಿಲ್ಲ. ಪಕ್ಕದ ಊರಲ್ಲೇ ಬೀಡುಬಿಟ್ಟಳು. ಮಳೆ ಹಿಡಿದ ಮೂರನೆಯ ದಿನ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಓಡಿಬಂದಾಗ ತೂಬಿನ ಬುಡದಲ್ಲಿ ಕೆಸರುನೀರು ಚಿಮ್ಮುತ್ತಿತ್ತು. ಅವಳು ಗುಡಿಸಲುಗಳ ಬಾಗಿಲು ಬಡಿದು, ಮಕ್ಕಳನ್ನು ಎಳೆದು, ಮುದುಕರನ್ನು ಹೊರಿಸಿ ದಿಬ್ಬ ಹತ್ತಿಸಿದಳು. ಅಷ್ಟು ಹೊತ್ತು ನರಸಿಂಹುಲು ಕಲ್ಲು ಮಣ್ಣು ಸುರಿದು ಬಿರುಕನ್ನು ತಡೆದಿದ್ದ. ಕೊನೆಯ ಮುದುಕಿ ದಿಬ್ಬ ಸೇರುವಷ್ಟರಲ್ಲಿ ಕಟ್ಟೆ ಒಡೆಯಿತು. ನೀರು ಅವನನ್ನು ಕೊಚ್ಚಿಕೊಂಡು ಹೋಯಿತು.

ನೀರಿಳಿದ ಮೇಲೆ ಗೌಡ ಬಂದ. ಓಬುಲಮ್ಮ ತಮ್ಮನ ಹೆಣದ ಬಳಿ ಕೂತಿದ್ದಳು. "ನೆಲ ಕೊಡಲಿಲ್ಲ ಅಂತ ಸೇಡು ತೀರಿಸಿಕೊಂಡೆಯಾ?" ಎಂದು ಅವನು ಅಬ್ಬರಿಸಿದ. ನೆರೆದವರಲ್ಲಿ ಎರಡೂ ಸೀಮೆ ತಿರುಗುವ ಉಪ್ಪಿನ ವ್ಯಾಪಾರಿ ಗುರುಶಾಂತನಿದ್ದ. ಅವನು ಅವಳನ್ನು ವಿಚಾರಿಸಿ ತಲೆ ತಗ್ಗಿಸಿದ. "ಗೌಡ್ರೇ, ಆಯಮ್ಮನ ಮಾತಲ್ಲಿ ನೆಲ ಅಂದ್ರೆ ತಿಂಗಳು. ಕಟ್ಟೆ ಗಟ್ಟಿ ಮಾಡೋಕೆ ಒಂದು ತಿಂಗಳು ಕೇಳಿದ್ಲು, ಅಷ್ಟೇ." ಗೌಡ ಪೇಟ ತೆಗೆದು ಕೆಸರಿನಲ್ಲೇ ಕುಸಿದು ಕೂತ. ಓಬುಲಮ್ಮ ತಮ್ಮನ ಮುಖದ ಕೆಸರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಗುರುಶಾಂತನತ್ತ ತಿರುಗಿ, ಈಗಲಾದರೂ ಆ ತಿಂಗಳು ಕೊಡುತ್ತಾರೇನು ಕೇಳು ಎಂದಳು.

ಗೌಡ ಕೊಟ್ಟ. ಮಳೆಗಾಲ ಕಳೆದ ಮೇಲೆ ಅವಳು ಕೇಳಿದ್ದ ಒಂದು ತಿಂಗಳಲ್ಲೇ ಕಟ್ಟೆಯ ಒಡೆದ ಭಾಗವನ್ನು ಮತ್ತೆ ಕಟ್ಟಿ ಮುಗಿಸಿದಳು. ಅವಳು ಕೇಳದಿದ್ದ ನೆಲವನ್ನೂ ಗೌಡ ಅವಳಿಗೆ ಬಿಟ್ಟುಕೊಟ್ಟು, ತನ್ನ ತಪ್ಪನ್ನು ಮಕ್ಕಳು ಮರೆಯಬಾರದೆಂದು ತಾನೇ ಅದಕ್ಕೆ ತಿಂಗಳಹೊಲ ಎಂದು ಹೆಸರಿಟ್ಟನಂತೆ.

ಇಂದಿಗೂ ಕಟ್ಟೆಯ ಮೇಲೆ ನಡೆದುಹೋಗುವವರಿಗೆ ತೂಬಿನ ಬಳಿ ಇಪ್ಪತ್ತು ಮಾರು ಉದ್ದ ಕಲ್ಲಿನ ಬಣ್ಣ ಬೇರೆಯಾಗಿರುವುದು ಕಾಣುತ್ತದೆ. ಕೆರೆ ತುಂಬಿದ ವರ್ಷ ಉಳಿದ ಕಡೆ ಅಷ್ಟಿಷ್ಟು ಒಸರುವುದುಂಟು. ಆ ಇಪ್ಪತ್ತು ಮಾರಿನಲ್ಲಿ ಮಾತ್ರ ಒಂದು ಹನಿಯೂ ಜಿನುಗುವುದಿಲ್ಲ.