ಕೇತಮ್ಮ ಬೆಟ್ಟಕ್ಕೆ ಹೊತ್ತ ಕೆಂಡ

ಒಂದಾನೊಂದು ಕಾಲದಲ್ಲಿ, ಮೋಡ ಬಂದು ಅಂಗಳದಲ್ಲೇ ಮಲಗೋವಷ್ಟು ಎತ್ತರದ ಬೆಟ್ಟದ ಮೇಲೆ ಒಂದೂರು ಇತ್ತಂತೆ. ಆ ಊರಲ್ಲಿ ಕೇತಮ್ಮ ಅಂತ ಒಬ್ಬಳು ಮುದುಕಿ. ಮೈ ಒಣಗಿದ ಪುಳ್ಳೆ, ಬಾಯಿ ಮಾತ್ರ ಊರಗಲ!

ಒಂದ್ಸಲ ಜಡಿಮಳೆ ಹೊಡೆದು, ಸೂರು ಸೋರಿ, ಊರಿನ ಒಲೆಗಳೆಲ್ಲ ಆರಿಹೋದವಂತೆ. ಅದೇ ಹೊತ್ತಿಗೆ ಕೇತಮ್ಮನ ಸೊಸೆ ಹೆತ್ತಳು. ಕೂಸು ಚಳಿಗೆ ನೀಲಿಗಟ್ತು.

"ಅತ್ತೆ, ನನ್ನ ಕೂಸು ಉಳಿಯಲ್ಲ" ಅಂತ ಸೊಸೆ ಅತ್ತಳು.

"ಬಿಡ್ತು ಅನ್ನು! ಎದೆಗೆ ಅವಚಿಕೊಂಡಿರು. ನಾ ಬೆಂಕಿ ತರ್ತೀನಿ" ಅಂದವಳೇ ಬೆಟ್ಟ ಇಳಿದಳು.

ತಪ್ಪಲಿನ ಊರಲ್ಲಿ ಪಂಜು ಹೊತ್ತಿಸಿಕೊಂಡು ಹತ್ತಿದಳಂತೆ. ನೆತ್ತಿ ಹತ್ರ ಗಾಳಿರಾಯ ಅಡ್ಡ ನಿಂತ. "ನನ್ನ ಬೆಟ್ಟ ದಾಟೋ ಬೆಂಕಿ ಇನ್ನೂ ಹುಟ್ಟಿಲ್ಲ" ಅಂತ ಉಫ್ ಅಂದ, ಪಂಜು ಆರಿತು. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಕೂತು ಅಳ್ತಿದ್ರಪ್ಪ. ಇವಳು ತಿರುಗಿ ಇಳಿದಳು.

ಈ ಸಲ ಮಡಕೇಲಿ ಬೆರಣಿ ಕೆಂಡ ಇಟ್ಟು, ಬೂದಿ ಮುಚ್ಚಿ ತಂದಳು. ಹತ್ತಿದಳು, ಹತ್ತಿದಳು, ಮಂಜಿನೊಳಗೆ ಹತ್ತಿದಳು. ಕಾಲು ಜಾರಿತು, ಹತ್ತಿದಳು. ಮಂಡಿ ತರಚಿತು, ಹತ್ತಿದಳು. ನೆತ್ತಿ ಹತ್ರ ಬೂದಿ ಸರಿಸಿ ನೋಡ್ತಾಳೆ, ಅಯ್ಯೋ ಶಿವನೇ, ಕೆಂಡ ಥಂಡಿ ಹಿಡಿದು ಕಪ್ಪಾಗ್ತಿದೆ! ಊದೋಣ ಅಂದ್ರೆ ಅಷ್ಟೆತ್ತರದಲ್ಲಿ ಮುದುಕಿಗೆ ಉಸಿರೆಲ್ಲಿ?

"ಏನಜ್ಜಿ, ಮತ್ತೆ ಬಂದ್ಯಾ?" ಅಂತ ಗಾಳಿರಾಯ ನಕ್ಕ.

ಕೇತಮ್ಮ ಅವನ ಉಬ್ಬಿದ ಕೆನ್ನೆ ನೋಡಿದಳು. ನನಗಿಲ್ಲದ ಉಸಿರು ಇವನಿಗೆ ಬೇಕಾದಷ್ಟಿದೆಯಲ್ಲ ಅನ್ನಿಸಿತು.

"ಬಂದೆ ಕಣೋ ಸೋಮಾರಿ! ಪಂಜು ಆರಿಸೋದೇನು ಮಹಾ? ಗಂಡಸಾದ್ರೆ ಈ ಕೆಂಡ ಆರಿಸು!"

ಗಾಳಿರಾಯ ಊದಿದ. ಕೆಂಡ ಕೆಂಪಾಯ್ತು.

"ಇಷ್ಟೇನಾ? ನಿಮ್ಮವ್ವ ಗಂಜಿ ಹಾಕಿಲ್ವಾ?"

ಇನ್ನೂ ಜೋರಾಗಿ ಊದಿದ. ಕೆಂಡ ನಿಗಿನಿಗಿ ಅಂತು. ಅವನು ಊದ್ತಾ ಊದ್ತಾ, ಇವಳು ಬೈತಾ ಬೈತಾ, ಊರಬಾಗಿಲೇ ಬಂತಂತೆ!

ಕೇತಮ್ಮ ಒಲೆ ಹಚ್ಚಿದಳು, ಬಟ್ಟೆ ಕಾಯಿಸಿದಳು, ಕೂಸಿಗೆ ಸುತ್ತಿದಳು. ಕೂಸು ಕೆಂಪಗಾಗಿ ಕಿಟಾರನೆ ಕಿರುಚಿತು. ಸೊಸೆ ಅತ್ತೆ ಕಾಲು ಹಿಡಿದು ನಕ್ಕಳು, ಅತ್ತಳು.

ಗಾಳಿರಾಯ ಬಾಗಿಲಲ್ಲಿ ಇಣುಕಿದ. "ಅಜ್ಜಿ, ಇಷ್ಟೆಲ್ಲ ಈ ಗೇಣುದ್ದದ ಕೂಸಿಗಾ? ಮೊದಲೇ ಹೇಳಬಾರದಿತ್ತಾ?"

"ನೀ ಕೇಳಿದ್ಯಾ?"

ಅವನು ತಲೆ ತಗ್ಗಿಸಿದ. "ಈಗ ನಾನೇನು ಮಾಡ್ಲಿ?"

"ಹೊಸ್ತಿಲಾಚೆ ನಿಂತ್ಕೊಂಡು ಮೆಲ್ಲಗೆ ತೊಟ್ಟಿಲು ತೂಗು. ನನಗೆ ಕಾಲೆಲ್ಲ ನೋವು" ಅಂದು ಕೇತಮ್ಮ ಒಲೆ ಮುಂದೆ ಮಲಗಿಬಿಟ್ಟಳಂತೆ. ಬೆಟ್ಟ ನಡುಗಿಸೋ ಗಾಳಿರಾಯ ಸಣ್ಣಗೆ ಉಸಿರು ಬಿಡ್ತಾ ತೂಗಿದನಂತೆ.

ಅವರ ಕೂಸು ಅಲ್ಲಿ ನಿದ್ದೆ ಹೋಯ್ತು, ನಮ್ಮ ಸಾರು ಇಲ್ಲಿ ಉಕ್ತಾ ಇದೆ, ಏಳ್ರಪ್ಪ ಊಟಕ್ಕೆ.