ಹಲ್ಲು ತಿನ್ನುವ ಹಸು

ವಿದ್ವತ್ ಗ್ರಂಥಗಳ ಜೊತೆಗೆ ಮಕ್ಕಳ ಪುಸ್ತಕಗಳನ್ನೂ ಅಚ್ಚು ಹಾಕಿಸುವ ಪ್ರಕಾಶನವೊಂದರ ವಾಚನಾಲಯಕ್ಕೆ ಹಸಿದ ಗೆದ್ದಲು ಬಂದಿತು. ಕಪಾಟಿನಲ್ಲಿ ದಪ್ಪ ಸಂಶೋಧನಾ ಗ್ರಂಥವೂ ಅಂಚು ಹರಿದ ಮಕ್ಕಳ ಪುಸ್ತಕವೂ ಅಕ್ಕಪಕ್ಕ ನಿಂತಿದ್ದವು.

“ನಿಮ್ಮಿಬ್ಬರಲ್ಲಿ ಯಾರನ್ನು ತಿನ್ನಲಿ?” ಎಂದು ಗೆದ್ದಲು ಕೇಳಿತು.

“ಇವನನ್ನೇ ತಿನ್ನು,” ಎಂದಿತು ಗ್ರಂಥ. “ಇವನ ಹಸು ಹುಲ್ಲು ತಿನ್ನುವ ಬದಲು ಹಲ್ಲು ತಿನ್ನುತ್ತದೆ. ನನ್ನಲ್ಲಿ ಅಚ್ಚಿನ ತಪ್ಪು ಒಂದೂ ಇಲ್ಲ.”

“ನಿಜ ಸ್ವಾಮಿ,” ಎಂದಿತು ಮಕ್ಕಳ ಪುಸ್ತಕ. “ಅದನ್ನು ಕಂಡುಹಿಡಿದ ಮಕ್ಕಳು ಇವತ್ತಿಗೂ ಬಂದು ಅದೇ ಪುಟ ತೆಗೆದು ನಗುತ್ತಾರೆ.”

ಗೆದ್ದಲು ಗ್ರಂಥದತ್ತ ತಿರುಗಿತು. “ನಿಮ್ಮಲ್ಲಿ ತಪ್ಪಿಲ್ಲವೆಂದು ಯಾರು ಹೇಳಿದರು?”

“ಇಪ್ಪತ್ತು ವರ್ಷಗಳಿಂದ ಯಾರೊಬ್ಬರೂ ದೂರು ಕೊಟ್ಟಿಲ್ಲ.”

“ಹಾಗಾದರೆ ನೀವು ಕಾಣೆಯಾದರೂ ಯಾರೂ ದೂರು ಕೊಡುವುದಿಲ್ಲ,” ಎಂದ ಗೆದ್ದಲು ಮುನ್ನುಡಿಯಿಂದಲೇ ಊಟಕ್ಕೆ ಕುಳಿತಿತು.