ಡೇಗೆಯ ಕಣ್ಣಿಗೆ ಕಾಡಿಗೆ ಬಂದದ್ದು

“ಡೇಗೆ ಒಂದು ಉಳೀತು. ಬಂದ್ರ ಕಾಡಿಗೆ ಹಚ್ಚಿ ಕಳಸ್ರಿ.”

ಸುಂಕಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಕಣ್ಣು ಮುಚ್ಚಿದಳು.

ಆಗ ಲೋಕ ಇನ್ನೂ ಹೊಸದು. ಮಣ್ಣು ಹಸಿಯಾಗಿತ್ತು. ಹೊಳೆ ಆಗತಾನೇ ಗುಡ್ಡ ಇಳಿದು ಬಂದು ನೆಲವನ್ನು ಎರಡು ಮಾಡಿತ್ತು. ಬಿಸಿಲೂ ಹೊಸದು. ನೀರಿನ ಮೇಲೆ ಬಿದ್ದರೆ ಕಣ್ಣು ಕುಕ್ಕುತ್ತಿತ್ತು.

ಅದಕ್ಕೇ ಸುಂಕಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದಳು. ಕೂಸಿಗೆ ಹಚ್ಚುವ ಹಾಗೆ ಒಂದೊಂದು ಹಕ್ಕಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣಿಗೆ ಹಚ್ಚುತ್ತಿದ್ದಳು. ಮೀನು ಹಿಡಿಯುವ ಡೇಗೆ ಮಾತ್ರ ಬಂದಿರಲಿಲ್ಲ.

ಗಂಡ ಹುಲುಗಪ್ಪ ಹರಗೋಲು ಹಾಕುವವನು. ನೀರು ನೋಡಿದವನು, ಮುಗಿಲು ನೋಡಿದವನಲ್ಲ. ಡೇಗೆ ಹೇಗಿರುತ್ತದೋ ಅವನಿಗೆ ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಕಾಡಿಗೆ ತುಂಬಿಡುವ ಪುಟ್ಟ ಕರಡಿಗೆಯ ತಳದಲ್ಲಿ ಅವಳ ಕೈಯದು ಚೂರು ಉಳಿದಿತ್ತು. ಒಂದು ಹಕ್ಕಿಗೆ ಆಗುವಷ್ಟು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆಯ ಬಂಡೆ ಮೇಲೆ ಕೂತ. ಹಣೆಗೆ ಕೈ ಅಡ್ಡ ಇಟ್ಟು ಮೇಲೆ ನೋಡಿದ. ದಿನಾ ನೋಡಿದ.

ಒಂದು ದೊಡ್ಡ ಹಕ್ಕಿ ಬಂತು.

“ನೀನೇನಪ್ಪಾ ಡೇಗೆ?”

“ನಾನು ಹದ್ದೋ ಮುದುಕಾ! ಬಾಲ ನೋಡು, ಕವಲೊಡದೈತಿ. ನನಗ ನಿನ್ನ ಹೆಂಡತಿ ಆಗಲೇ ಹಚ್ಯಾಳ.”

ಒಂದು ಬಿಳಿ ಹಕ್ಕಿ ಬಂತು.

“ನೀನೇನವ್ವಾ?”

“ಅಯ್ಯ, ನಾನು ಬೆಳ್ಳಕ್ಕಿ! ಇಷ್ಟು ದಿನ ಕಣ್ಣು ಎಲ್ಲಿಟ್ಟಿದ್ದಿ?”

“ನೀರಾಗ ಇಟ್ಟಿದ್ದೆ,” ಅಂದ ಹುಲುಗಪ್ಪ.

ಬೆಳ್ಳಕ್ಕಿ ನಕ್ಕಿತು. ಅವನೂ ನಕ್ಕ. ಸುಂಕಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಚಳಿ ಬಿತ್ತು. ಆಗ ಬಂತು ಒಂದು ಹಕ್ಕಿ. ಬಿಳಿ ತಲೆ, ಬಿಳಿ ಎದೆ, ಉದ್ದನೆ ರೆಕ್ಕೆ. ನಡುಹೊಳೆಯ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತಿತು. ಧುಮುಕಿತು. ಎದ್ದರೆ ಉಗುರಲ್ಲಿ ಏನೂ ಇಲ್ಲ. ಮತ್ತೆ ಧುಮುಕಿತು. ಮತ್ತೆ ಏನೂ ಇಲ್ಲ. ನೀರಿನ ಥಳಥಳಕ್ಕೆ ಮೀನು ಕಾಣುತ್ತಿರಲಿಲ್ಲ.

ಹುಲುಗಪ್ಪ ಯಾರನ್ನೂ ಕೇಳಲಿಲ್ಲ. ಇದೇ ಡೇಗೆ.

ಹಸಿದು ದಣಿದ ಡೇಗೆ ಈ ದಡದ ಮತ್ತಿ ಮರಕ್ಕೆ ಬಂತು.

“ಹೊಳೀನ ಗಡಿ. ನೀನು ಆ ದಡದವ. ನಡೀ!” ಅಂದವು ಕಾಗೆಗಳು.

ಆ ದಡಕ್ಕೆ ಹೋಯಿತು. ಅಲ್ಲಿನ ಕಾಗೆಗಳೂ ಅದನ್ನೇ ಅಂದವು. ಡೇಗೆಗೆ ಕೂರಲು ಒಂದು ಕೊಂಬೆ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅದು ಹೊರಟೇ ಹೋಗುತ್ತದೆ.

ಹುಲುಗಪ್ಪ ಎದ್ದ. ಹರಗೋಲನ್ನು ನಡುಹೊಳೆಗೆ ಹಾಕಿದ.

“ಹೊಳೆವ್ವಾ, ಈ ನಡುನೀರು ಯಾರದು?”

“ಯಾವ ದಡದ್ದೂ ಅಲ್ಲಪಾ, ನಂದು.”

“ಒಂದೀಟು ನಿಂದರು.”

“ನಿಂದರಾಕ ನನಗ ಬರಂಗಿಲ್ಲ. ಮೆಲ್ಲಕ ಹರೀತೀನಿ.”

ಅವನು ಹುಟ್ಟನ್ನು ಮೇಲೆತ್ತಿ ಹಿಡಿದ. “ಬಾ, ಇದರ ಮ್ಯಾಲೆ ಕೂಡು. ಇದು ಯಾರ ಮರಾನೂ ಅಲ್ಲ.”

ಡೇಗೆ ಬಂದು ಕೂತಿತು. ಹುಲುಗಪ್ಪ ಹುಟ್ಟು ಇಳಿಸಿ ಕರಡಿಗೆ ತೆರೆದ. ಸುಂಕಮ್ಮನ ಬೆರಳು ಹಗುರ. ಇವನದು ಹುಟ್ಟು ಹಿಡಿದು ದಪ್ಪಗಾದ ಬೆರಳು. ಕಾಡಿಗೆ ತೆಗೆದು ಕಣ್ಣಿಗೆ ಇಟ್ಟ. ಹುಟ್ಟು ನಿಂತರೆ ಹರಗೋಲು ಸುಮ್ಮನಿರುತ್ತದೆಯೇ? ಗರ್‍ರನೆ ತಿರುಗಿತು. ಬೆರಳು ಜಾರಿತು. ಕೊಕ್ಕಿನಿಂದ ಕಣ್ಣಿಗೆ, ಕಣ್ಣಿನಿಂದ ಕತ್ತಿಗೆ, ಉದ್ದಕ್ಕೆ ಕಪ್ಪು ಗೀಟು. ಇನ್ನೊಂದು ಕಣ್ಣಿಗೂ ಅದೇ ಆಯಿತು.

“ಕೆಡಿಸಿಬಿಟ್ಟೆ,” ಅಂದ. ಕರಡಿಗೆ ಬರಿದಾಗಿತ್ತು.

“ತಡಿ,” ಅಂದಿತು ಡೇಗೆ. ನೀರನ್ನೇ ನೋಡಿತು. ಹಾರಿತು, ನಿಂತಿತು, ಧುಮುಕಿತು. ಎದ್ದಾಗ ಉಗುರಲ್ಲಿ ಮೀನು ಮಿಸುಕುತ್ತಿತ್ತು.

“ಚಲೋ ಹಚ್ಚೀದಿ ಮುದುಕಾ! ಅಳಿಸಿದ ಮ್ಯಾಲೆ ಮತ್ತ ಬರ್ತೀನಿ. ಇರ್ತೀ ಇಲ್ಲ?”

ಹುಲುಗಪ್ಪ ಬರಿದಾದ ಕರಡಿಗೆ ನೋಡಿದ. ಮುಚ್ಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಇರ್ತೀನಿ,” ಅಂದ.

ಈಗಲೂ ಚಳಿಗಾಲದಲ್ಲಿ ಹೊಳೆಯ ದಡಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಇಟ್ಟು ಕೂತು ನೋಡಿ. ಎಲ್ಲ ದಿನ ಕಾಣುವುದಿಲ್ಲ. ಕಂಡ ದಿನ ನಡುನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತಿರುತ್ತದೆ, ಕಣ್ಣಿನಿಂದ ಕತ್ತಿನವರೆಗೂ ಆ ಕಪ್ಪು ಗೀಟು. ಪ್ರತಿ ವರ್ಷವೂ ಅದು ತಪ್ಪದೆ ಬರುತ್ತದೆ. ಏಕೆಂದರೆ ಅಂದು ಮಾತು ಕೊಟ್ಟ ಮರುದಿನ ಬೆಳಿಗ್ಗೆ ಹುಲುಗಪ್ಪ ಎದ್ದು, ಹರಳೆಣ್ಣೆ ದೀಪ ಹಚ್ಚಿ, ಸುಂಕಮ್ಮನ ತಟ್ಟೆ ಬೋರಲು ಹಾಕಿ, ಕಾಡಿಗೆ ಹಿಡಿಯಲು ಕೂತ.